ಆಚೆ ದಡ

ಮಾಲ್ಡೀವ್ಸಿನ ಪುಟ್ಟ ದ್ವೀಪವೊಂದರ ಶಾಲೆಗೆ ಮೇಷ್ಟ್ರಾಗಿ ಸೇರಿದ ಮೊದಲ ದಿನ ನನಗೆ ಒಂಚೂರೂ ಅಳುಕಿರಲಿಲ್ಲ. ಪಾಠ ನದಿಯದು, ನಾನೋ ಕಾವೇರಿ, ಕಪಿಲೆ ಕೂಡುವ ತಿ. ನರಸೀಪುರದವನು. ಬೋರ್ಡಿನ ಮೇಲೆ ನದಿ ಬರೆದು ಜಂಬದಿಂದ ತಿರುಗಿದೆ.

ಹುಡುಗಿಯೊಬ್ಬಳು ಎದ್ದು, "ಸರ್, ನದಿಯ ಈಚೆಗೆ ಏನಿದೆ?" ಅಂದಳು.

"ನೆಲ."

"ಆಚೆಗೆ?"

"ಅಲ್ಲೂ ನೆಲಾನೇ."

"ಎರಡೂ ಕಡೆ ನೆಲವಾ!"

ನದಿಯನ್ನೇ ಕಂಡಿರದ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ರಜೆಗೆ ಊರಿಗೆ ಬಂದಾಗ ಸಂಗಮದ ಅಂಬಿಗನಿಗೆ ಅಲ್ಲಿನ ಸಮುದ್ರದ ಸುದ್ದಿ ಹೇಳಿದೆ: ಎತ್ತ ನೋಡಿದರೂ ನೀರೇ, ಆಚೆ ದಡ ಕಾಣುವುದೇ ಇಲ್ಲ.

ಅವನು ಹುಟ್ಟು ಹಾಕುವುದನ್ನೇ ನಿಲ್ಲಿಸಿದ. "ಆಚೆ ದಡ ಇಲ್ದೆ ಅಲ್ಲಿ ದೋಣಿಯೋರು ಜನಾನ ಎಲ್ಲಿಗೆ ದಾಟಿಸ್ತಾರೆ? ಓಗಿ ಸಾ, ಮೇಷ್ಟ್ರಾಗಿ ಇಂಗೆ ಬುರುಡೆ ಬುಡ್ತೀರಲ್ಲ!"

ಎರಡು ದೇಶದಲ್ಲೂ ನಿಜವನ್ನೇ ಹೇಳಿ ಸುಳ್ಳುಗಾರನಾದ ಮೇಷ್ಟ್ರು ನಾನೊಬ್ಬನೇ ಇರಬೇಕು.