ಹನ್ನೆರಡು ಮೋಡಗಳಿಗೊಬ್ಬಳು ಬದಲಿ

ಟಪ್, ಟಪ್, ಟಪಾರ್. ಬೆಳಕು ಹರಿಯುವ ಮೊದಲೇ ಲಾಡ್ಜಿನ ಹಿಂಬದಿಯ ಮೆಟ್ಟಿಲ ಮೇಲೆ ಈ ಸದ್ದು ಶುರುವಾಗುತ್ತಿತ್ತು. ಕೆಳಗಡೆ ಟೈರು ರಿಪೇರಿ ಮಾಡುವವನು, ತನಗೆ ಎದುರಾಳಿ ಬಂದನೆಂದು ಹೆದರಿ, ಮೊದಲ ದಿನ ಮೇಲೆ ಹತ್ತಿ ನೋಡಿದ. ಬಂದದ್ದು ಎದುರಾಳಿಯಲ್ಲ, ಊರೂರು ತಿರುಗುವ ಬ್ಯಾಲೆ ತಂಡ. ಹುಡುಗಿಯರು ಸಾಲಾಗಿ ಕುಳಿತು ಹೊಚ್ಚ ಹೊಸ ಸ್ಯಾಟಿನ್ ಷೂಗಳನ್ನು ಕಲ್ಲಿಗೆ ಚಚ್ಚುತ್ತಿದ್ದರು. ಬಟ್ಟೆಗೆ ಅಂಟು ಕುಡಿಸಿ ಗಟ್ಟಿ ಮಾಡಿದ ಆ ಷೂಗಳ ಮೂತಿಯನ್ನು ಹೀಗೆ ಬಡಿದು ಮೆತ್ತಗಾಗಿಸದಿದ್ದರೆ, ರಂಗದ ಮೇಲೆ ಇವರು ಮೋಡಗಳಾಗಿ ತೇಲಿ ಬಂದಾಗ ಲಾಯದಿಂದ ಕುದುರೆ ಬಿಟ್ಟ ಹಾಗೆ ಕೇಳಿಸುತ್ತದೆ.

"ಹೊಸದನ್ನ ಹಾಳು ಮಾಡೋಕೂ ಸಂಬಳ ಕೊಡ್ತಾರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವನು ಇಳಿದು ಹೋದ.

ಎಲ್ಲರಿಗಿಂತ ಜೋರಾಗಿ ಚಚ್ಚುತ್ತಿದ್ದವಳು ಬದಲಿ. ಮನೆಯವರು ಇಟ್ಟ ಹೆಸರು ಬೇರೆ ಇತ್ತು, ತಂಡಕ್ಕೆ ಸೇರಿದ ವಾರದೊಳಗೇ ಅದು ಪೆಟ್ಟಿಗೆಯ ತಳ ಸೇರಿತು. ಇವರ ನೃತ್ಯದಲ್ಲಿ ಹನ್ನೆರಡು ಮೋಡಗಳು. ಬೆಟ್ಟದಲ್ಲಿ ದಾರಿ ತಪ್ಪಿದ ರಾಜಕುಮಾರನನ್ನು ಅವು ಮುಸುಕಬೇಕು, ಕರಗಬೇಕು, ಮತ್ತೆ ಮುಸುಕಬೇಕು. ರಾಜಕುಮಾರನಿಗೆ ದಾರಿ ಸಿಕ್ಕಿದ ಮೇಲೆ ಮೋಡಗಳನ್ನು ಯಾರೂ ಕೇಳುವುದಿಲ್ಲ. ಬದಲಿ ಹದಿಮೂರನೆಯವಳು. ಹನ್ನೆರಡು ಜಾಗಗಳ ಹೆಜ್ಜೆಯೂ ಅವಳಿಗೆ ನಿದ್ದೆಗಣ್ಣಿನಲ್ಲಿ ಬರುತ್ತಿತ್ತು. ಯಾರಾದರೊಬ್ಬಳು ಕಾಯಿಲೆ ಬಿದ್ದು ಮಲಗಿದರೆ ಅವಳ ಜಾಗಕ್ಕೆ ಇವಳು. ಯಾರೂ ಮಲಗದಿದ್ದರೆ ಪರದೆಯ ಪಕ್ಕ ನಿಂತು ಹನ್ನೆರಡು ಜನರ ಶಾಲು ಹಿಡಿದುಕೊಳ್ಳುವುದು.

ಹೀಗಾಗಿ ತಂಡದಲ್ಲಿ ಅವಳಷ್ಟು ಕರುಣೆಯುಳ್ಳವಳು ಇನ್ನೊಬ್ಬಳಿರಲಿಲ್ಲ. ಬೆಳಿಗ್ಗೆ ಎದ್ದವಳೇ ಒಬ್ಬೊಬ್ಬರ ಹಾಸಿಗೆಯ ಬಳಿ ಹೋಗಿ ಆರೋಗ್ಯ ವಿಚಾರಿಸುವಳು. "ಹಿಮ್ಮಡಿ ಹೇಗಿದೆ? ನಿನ್ನೆ ಊದಿತ್ತಲ್ಲ." "ಬೆರಳು ಇನ್ನೂ ನೋಯ್ತಿದೆಯಾ? ಪಾಪ, ಆತುರ ಬೇಡ, ಪೂರ್ತಿ ವಾಸಿಯಾಗ್ಲಿ." ಕೆಮ್ಮಿದವಳಿಗೆ ಬಿಸಿನೀರು, ಸೀನಿದವಳಿಗೆ ಹೊದಿಕೆ. ಹುಡುಗಿಯರು ಕರಗಿ ಹೋದರು. ಹೆತ್ತತಾಯಿಯೂ ಇಷ್ಟು ವಿಚಾರಿಸಿಕೊಂಡಿರಲಿಲ್ಲ ಎಂದು ಊರಿಗೆಲ್ಲ ಫೋನು ಮಾಡಿ ಹೇಳಿದರು. ಯಾರದ್ದಾದರೂ ಊತ ಇಳಿಯಿತೆಂದು ಕೇಳಿದಾಗ ಬದಲಿಯ ಮುಖವೂ ಒಂದು ಚೂರು ಇಳಿಯುತ್ತಿತ್ತು. ಅದು ಆಯಾಸವೆಂದು ಅವರು ತಿಳಿದರು. ಅದು ಏನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಮರುದಿನ ಬೆಳಿಗ್ಗೆ ಮತ್ತೆ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದಳು.

ಎಂಟು ಊರು ಕಳೆದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಕಟ್ಟಿದವರು ಇವರು ಕುಣಿದ ಹಳೆಯ ಥಿಯೇಟರುಗಳನ್ನು ನೋಡಿರಲಿಲ್ಲ. ಹಿಂದಿನ ಸಾಲಿನವರೂ ಕಾಣಲೆಂದು ಅಲ್ಲಿ ರಂಗವನ್ನೇ ಜನರ ಕಡೆಗೆ ಇಳಿಜಾರು ಮಾಡಿರುತ್ತಾರೆ. ಒಂದೂರಿನದು ಇಳಿಜಾರು, ಮುಂದಿನೂರಿನದು ಸಪಾಟು, ಅದರಾಚೆಯದು ಎರಡೂ ಅಲ್ಲದ ಎಡವಟ್ಟು. ನೆಲ ಡೊಂಕಾದಷ್ಟೂ ಕಾಲು ಉಳುಕುವುದು ಹೆಚ್ಚು, ಕಾಲು ಉಳುಕಿದಷ್ಟೂ ಬದಲಿಗೆ ಕುಣಿತ ಹೆಚ್ಚು. ಡೊಂಕು ನೆಲ ಕಂಡು ಖುಷಿಪಟ್ಟ ನರ್ತಕಿ ಅವಳೊಬ್ಬಳೇ ಇರಬೇಕು.

ಒಂಬತ್ತನೆಯ ಊರಿಗೆ ಬಂದಾಗ ಅಮ್ಮನ ಫೋನು ಬಂತು.

"ಭಾನುವಾರ ಮಧ್ಯಾಹ್ನದ ಆಟಕ್ಕೆ ಟಿಕೆಟ್ ತಗೊಂಡಿದೀವಿ. ನಾನೂ ನಿಮ್ಮ ಭಾವನೂ."

"ಇಷ್ಟು ದೂರ ಯಾಕಮ್ಮ?"

"ಯಾಕೆ ಅಂದ್ರೆ? ನಿಮ್ಮ ಭಾವನ ಕನ್ನಡಕದ ಅಂಗಡೀಲಿ ಜಾಗ ಖಾಲಿ ಇದೆ. ಸುಮ್ನೆ ಕುಣೀತೀನಿ ಕುಣೀತೀನಿ ಅಂತೀಯ, ಒಂದು ಫೋಟೋದಲ್ಲೂ ಕಾಣಲ್ಲ. ಕಣ್ಣಾರೆ ನೋಡ್ತೀನಿ. ನಿಜವಾಗ್ಲೂ ಕುಣೀತಿದ್ರೆ ಇರು. ಇಲ್ಲಾಂದ್ರೆ ಅವತ್ತೇ ಪೆಟ್ಟಿಗೆ ಕಟ್ಕೊಂಡು ಹೊರಡು."

ಫೋನು ಇಟ್ಟ ಮೇಲೆ ಬದಲಿ ಹನ್ನೆರಡು ಜನರ ಕಾಲು ನೋಡಿದಳು. ಶನಿವಾರ ಮತ್ತೊಮ್ಮೆ ವಿಚಾರಿಸಿದಳು. ಇಡೀ ಟೂರಿನಲ್ಲೇ ಮೊದಲ ಬಾರಿಗೆ ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ಅವಳು ಕುಡಿಸಿದ ಬಿಸಿನೀರು ಕೊನೆಗೂ ಕೆಲಸ ಮಾಡಿತ್ತು.

ವಿಷಯ ಹೇಗೋ ಹುಡುಗಿಯರ ಕಿವಿಗೆ ಬಿತ್ತು. ಭಾನುವಾರ ಬೆಳಿಗ್ಗೆ, ಉದ್ದಕಾಲಿನ ಕೊಕ್ಕರೆ ಎಂಬುವವಳು ಅವಳನ್ನು ಬಚ್ಚಲಿನ ಬಳಿ ಎಳೆದುಕೊಂಡು ಹೋದಳು.

"ನೋಡೇ, ಮಧ್ಯಾಹ್ನ ನನಗೆ ಕಾಲು ಉಳುಕುತ್ತೆ. ನೀನು ನನ್ನ ಜಾಗದಲ್ಲಿ ಕುಣಿ. ಯಾರಿಗೂ ಹೇಳ್ಬೇಡ."

"ಬೇಡ ಕಣೇ..."

"ಸುಮ್ನಿರು. ನಂಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತಿದ್ಯಲ್ಲ, ಮರೆತಿಲ್ಲ ನಾನು."

ಬದಲಿ ಅಂದು ಕೂತದ್ದು ಜ್ವರ ಏರುತ್ತದೋ ಇಳಿಯುತ್ತದೋ ನೋಡಲು. ಈಗ ಅದನ್ನು ಹೇಳುವುದು ಸರಿಯಲ್ಲವೆನಿಸಿ ಗೆಳತಿಯ ಕೈ ಹಿಡಿದಳು. ಕಣ್ಣಲ್ಲಿ ನೀರು ಬಂದದ್ದು ಮಾತ್ರ ನಿಜವಾದದ್ದೇ.

ಮಧ್ಯಾಹ್ನ ಬಣ್ಣದ ಕೋಣೆಯಲ್ಲಿ ಅವಳು ಮುಖಕ್ಕೆ ಪೌಡರು ಮೆತ್ತಿ, ಕೂದಲು ಬಿಗಿದು, ಮೋಡದ ಉಡುಪು ತೊಟ್ಟು ಸಿದ್ಧಳಾದಳು. ಕೊಕ್ಕರೆ ಕುಂಟುತ್ತ ಬಂದು ಟೀಚರ್ ಮುಂದೆ ಬೆಂಚಿನ ಮೇಲೆ ಕುಸಿದಳು. ಈ ಟೀಚರ್ ತಂಡಕ್ಕೆ ಅಭ್ಯಾಸ ಮಾಡಿಸುವವರು. ಸಾಲು ಸಮ ಇರಬೇಕೆಂಬ ಒಂದೇ ಹಟದಿಂದ ಅವರಿಗೆ ಸಮಸಂಖ್ಯೆ ಎಂಬ ಹೆಸರು ಬಿದ್ದಿತ್ತು. "ಸರಿ, ಹನ್ನೊಂದಾಯ್ತು, ಬೆಸ. ಬದಲಿ ಬಾ" ಎಂದು ಅವರು ಕೈ ಎತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬಳು ಕುಂಟುತ್ತ ಬಂದಳು. ಚೂಪು ನಾಲಿಗೆಯ ಗುಂಡುಸೂಜಿ.

"ಟೀಚರ್, ನಂಗೂ ಕಾಲು..." ಎಂದವಳು ಬದಲಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದಳು.

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎನ್ನುತ್ತಾರೆ. ಇಲ್ಲಿ ದೈವ ಸುಮ್ಮನಿತ್ತು, ಬಗೆದದ್ದೆಲ್ಲ ಗೆಳತಿಯರೇ.

ಟೀಚರ್ ಮುಖದಲ್ಲಿ ಗಾಬರಿಯೇನೂ ಕಾಣಲಿಲ್ಲ. ತಂಡದ ರೂಢಿ ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬಳು ತಪ್ಪಿದರೆ ಸಾಲು ಬೆಸವಾಗುತ್ತದೆ, ಆಗ ಬದಲಿ ಬೇಕು. ಇಬ್ಬರು ತಪ್ಪಿದರೆ ಹತ್ತು ಉಳಿಯುತ್ತದೆ, ಐದೈದರ ಎರಡು ಸಾಲು, ಯಾರೂ ಬೇಕಿಲ್ಲ.

"ಹತ್ತು. ಚೆನ್ನಾಗೇ ಆಯ್ತು" ಎಂದರು ಟೀಚರ್. "ಬದಲಿ, ನೀನು ಉಡುಪು ಬಿಚ್ಚು. ಶಾಲು ತಗೋ."

"ಟೀಚರ್, ನಂಗೆ ವಾಸಿಯಾಯ್ತು!" ಗುಂಡುಸೂಜಿ ಥಟ್ಟನೆ ನೆಟ್ಟಗೆ ನಿಂತಳು.

"ನಂಗೂ!" ಎಂದು ಕೊಕ್ಕರೆಯೂ ಎದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡಿದರು. "ನೀನು ಕೂತ್ಕೊಳ್ಳೇ, ನಿಂಗೆ ಉಳುಕಿದೆ." "ನಿಂಗೇ ಉಳುಕಿರೋದು, ನಾನು ಬೆಳಿಗ್ಗೇನೇ ಹೇಳಿದ್ದೆ." "ಯಾರಿಗೆ ಹೇಳಿದ್ದೆ?"

"ಕಾಲು ನೋವು ಏನು, ಹತ್ತಿ ಇಳಿಯೋಕೆ ಬಸ್ಸಾ?" ಟೀಚರ್ ಸೀಮೆಸುಣ್ಣ ಕೈಗೆತ್ತಿಕೊಂಡರು. "ನೋವು ಅಂದವರು ಇವತ್ತು ಕೂತೇ ಇರ್ಬೇಕು. ಇಬ್ಬರೂ." ಮತ್ತೆ ರಂಗಕ್ಕೆ ಹೋಗಿ ಹತ್ತು ಮೋಡಗಳಿಗೆ ಹೊಸ ಗುರುತು ಹಾಕತೊಡಗಿದರು.

ಬದಲಿ ಉಡುಪು ಬಿಚ್ಚಿ ಮೊಳೆಗೆ ನೇತುಹಾಕಿದಳು. ಮುಖದ ಪೌಡರು ಒರೆಸಲು ಮನಸ್ಸಾಗಲಿಲ್ಲ. ಪರದೆಯ ಸಂದಿನಿಂದ ನೋಡಿದರೆ ನಾಲ್ಕನೆಯ ಸಾಲಿನಲ್ಲಿ ಅಮ್ಮ ಕುರ್ಚಿಯ ಅಂಚಿಗೆ ಸರಿದು ಕುಳಿತಿದ್ದಳು. ಚೀಲ ತೊಡೆಯ ಮೇಲೆ. ಮೋಡಗಳು ಬಂದಾಗಲೆಲ್ಲ ಅವಳ ಕತ್ತು ಕೊಂಚ ಮುಂದಕ್ಕೆ ಚಾಚುತ್ತಿತ್ತು. ಆ ಕತ್ತನ್ನು ನೋಡುತ್ತ ಬದಲಿಯ ಕೈಯಲ್ಲಿದ್ದ ಶಾಲೊಂದು ಯಾವಾಗಲೋ ಜಾರಿ ಬಿತ್ತು.

ಆಟ ಮುಗಿದು ಜನ ಕರಗಿದ ಮೇಲೆ ಅವಳು ಹಾಲಿಗೆ ಇಳಿದು ಬಂದಳು. ಪೊರಕೆ ಹಿಡಿದವನೊಬ್ಬ ಹಿಂದಿನ ಸಾಲಿನಿಂದ ಗುಡಿಸುತ್ತಿದ್ದ.

"ಎಡಗಡೆಯಿಂದ ಮೂರನೆಯವಳು!" ಭಾವ ದೂರದಿಂದಲೇ ಬೆರಳು ತೋರಿಸಿದ. "ಬಂದ ಕೂಡ್ಲೇ ಗುರುತು ಹಿಡಿದೆ. ಎಲ್ಲರ ಮುಖಾನೂ ಸುಣ್ಣ ಬಳಿದ ಗೋಡೆ ಥರ ಇದ್ರೆ ಏನಂತೆ? ಕಣ್ಣಿನ ವ್ಯಾಪಾರ ಮಾಡೋನು ನಾನು."



"ನಡಿಗೆ ನೋಡೇ ನಂಗೂ ಗೊತ್ತಾಯ್ತು" ಎಂದಳು ಅಮ್ಮ. ಅವಳ ಕಣ್ಣು ಒದ್ದೆಯಾಗಿತ್ತು. "ಆಯ್ತು ಕಣೇ, ನೀನು ಇಲ್ಲೇ ಇರು. ಅಂಗಡಿಗೆ ಬೇರೆ ಯಾರಾದ್ರೂ ಸಿಗ್ತಾರೆ."

ಕೇಳಿದ್ದು ಕೈಗೆ ಬಂದಿತ್ತು. ಒಂದು ನಿಮಿಷ ಸುಮ್ಮನಿದ್ದರೆ ಸಾಕಿತ್ತು.

"ಆದ್ರೆ ಒಂದು ಕಡೆ ಎಲ್ಲರೂ ತಿರುಗಿದ ಮೇಲೆ ನೀನು ತಿರುಗಿದೆ. ನಂಗೆ ಜೀವ ಬಾಯಿಗೆ ಬಂತು."



"ಒಂದು ಕಡೆ ಅಲ್ಲ ಅತ್ತೆ, ಎರಡು ಕಡೆ" ಎಂದ ಭಾವ. "ಎಡಗೈನೂ ಸ್ವಲ್ಪ ಸೊಟ್ಟ. ಅಭ್ಯಾಸ ಸಾಲದು."

"ಅದು ನಾನಲ್ಲ!"

ಪೊರಕೆಯ ಸದ್ದು ನಿಂತಿತು.

"ನೀನಲ್ವಾ? ಹಾಗಾದ್ರೆ ಯಾವುದು ನೀನು?"

"ಯಾವುದೂ ಅಲ್ಲ. ಇವತ್ತು ನಾನು ಕುಣೀಲಿಲ್ಲ. ಶಾಲು ಹಿಡ್ಕೊಂಡು ನಿಂತಿದ್ದೆ. ಆದ್ರೆ ನಾನು ಯಾವತ್ತೂ ತಡವಾಗಿ ತಿರುಗಿಲ್ಲಮ್ಮ. ಒಂದ್ಸಲಾನೂ ಇಲ್ಲ."

ಭಾವನ ಮುಖ ಬೆಳಗಿತು. "ಹಾಗಿದ್ರೆ ನಾಡಿದ್ದಿಂದ್ಲೇ ಅಂಗಡಿ..."

"ಸ್ವಲ್ಪ ತಡೀರಿ" ಎಂದಳು ಅಮ್ಮ. ಮಗಳ ಬಿಳಿ ಮುಖವನ್ನು ಬಹಳ ಹೊತ್ತು ನೋಡಿದಳು. "ಆ ತಿರುಗೋದು ಹೇಗೆ ಮಾಡ್ಬೇಕಿತ್ತು?"

"ಮೊದಲು ಕಣ್ಣು ಒಂದು ಕಡೆ ನೆಡಬೇಕು, ಮೈ ತಿರುಗಿದ ಮೇಲೆ ತಲೆ..."

"ಬಾಯಲ್ಲಿ ಬೇಡ. ನಾನು ಟಿಕೆಟ್ ತಗೊಂಡು ಬಂದಿರೋದು ನಿನ್ನನ್ನ ನೋಡೋಕೆ. ಇನ್ನೂ ನೋಡಿಲ್ಲ." ಅಮ್ಮ ಮೊದಲ ಸಾಲಿಗೆ ಹೋಗಿ ಕುಳಿತಳು. ಚೀಲವನ್ನು ಈ ಸಲ ಪಕ್ಕದ ಕುರ್ಚಿಯಲ್ಲಿ ಇಟ್ಟಳು. "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ. ಬಸ್ಸು ಇನ್ನೊಂದು ಇರುತ್ತೆ."

ಬದಲಿ ಷೂಗಳ ಪಟ್ಟಿ ಬಿಗಿದು ಕಟ್ಟಿ ಎದ್ದಳು. "ಒಬ್ಬಳೇ ಅಂತ ಅಂದ್ಕೋಬೇಡ, ನನ್ನ ಪಕ್ಕ ಇನ್ನೂ ಐದು ಜನ ಇದ್ದಾರೆ ಅಂತ ತಿಳ್ಕೊ. ರಾಜಕುಮಾರ ಅಲ್ಲಿ ಬಿದ್ದಿರ್ತಾನೆ, ನಾವೆಲ್ಲ ಈ ಮೂಲೇಲಿ" ಎನ್ನುತ್ತ ಪಕ್ಕದ ಮೆಟ್ಟಿಲು ಹತ್ತಿದಳು, ಬೆನ್ನು ತಿರುಗಿಸಿ ಪರದೆಯ ಕಡೆ ನಡೆಯುತ್ತಲೇ, "ನಾನು ಯಾರ ಜಾಗದಿಂದ ಬೇಕಾದ್ರೂ ಬರಬಲ್ಲೆ, ಆದ್ರೆ ಇವತ್ತು ನಡುವಿನಿಂದ ಬರ್ತೀನಿ, ನೀನು ಮಾತ್ರ ಕಣ್ಣು ಮಿಟುಕಿಸದೆ ನೋಡು" ಎಂದಳು.