ಪರಪ್ಪ ಮಾಸ್ತರರ ಕೈ

ಶ್ರಾವಣದ ಬೆಳಗು. ಗೋಕಾಕದ ಹೈಸ್ಕೂಲೊಂದರ ವಿಜ್ಞಾನದ ಕೋಣೆಯಲ್ಲಿ ಸಿಪಾಯಿ ಲಗಮಪ್ಪ ಇದ್ದಿಲಿನ ಶಿಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಸುಡುವುದು ರೊಟ್ಟಿಯಲ್ಲ, ಕಾಯಿಸುವುದು ಗಾಜಿನ ಕೋಲು. ಎರಡು ಗಾಜಿನವು, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಮೂರು ಕರಿ ಕೋಲು, ಒಂದು ರೇಷ್ಮೆ ವಸ್ತ್ರ, ಒಂದು ಉಣ್ಣೆಯ ತುಂಡು. ಗಾಜಿಗೆ ಹತ್ತಿರದ ಬಿಸಿ, ಕರಿ ಕೋಲಿಗೆ ದೂರದ ಬಿಸಿ. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ಬದಿಗಿಡುತ್ತಾನೆ.

"ಹಸಿ ಇದ್ರ ಇವು ಏನೂ ಹಿಡ್ಯಂಗಿಲ್ರಿ. ಎಷ್ಟ ಉಜ್ಜಿದ್ರೂ ವಿದ್ಯುತ್ತು ಜಾರಿ ಹೋಗತೈತಿ," ಎನ್ನುತ್ತಾನೆ, ತನ್ನ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ.

ಲಗಮಪ್ಪ ಮೇಲವಂಕಿಯ ಕುರುಬರ ಮನೆಯವನು. ಈ ಕೋಣೆಗೆ ಬಂದು ಇಪ್ಪತ್ತಾರು ವರ್ಷ. ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಹೆಬ್ಬೆಟ್ಟೇ. ಆದರೆ ಜೋಳದ ದಂಟಿನ ಬೆಂಡು ಕೊರೆದು ಉದ್ದಿನ ಕಾಳಿನಷ್ಟು ಗುಂಡು ಮಾಡಿ, ರೇಷ್ಮೆ ಎಳೆಗೆ ಕಟ್ಟಿ ತೂಗುಬಿಡುವವನು ಅವನೇ. ಉಜ್ಜಿದ ಕೋಲು ಹತ್ತಿರ ತಂದರೆ ಅವು ಅದರತ್ತ ಹಾರುತ್ತವೆ. ಮುಂಬೈಯಿಂದ ಬಂದ ಗುಂಡುಗಳು ಇವನವುಗಳ ಮುಂದೆ ಮೈಗಳ್ಳ ಎತ್ತುಗಳಂತೆ ನೇತಾಡುತ್ತವೆ.

ಚಿಕ್ಕಂದಿನಲ್ಲಿ ಚಳಿಯ ನಸುಕಿಗೆ ಕಂಬಳಿ ಕೊಡವಿದರೆ ಚಟಚಟ ಕಿಡಿ ಹಾರುತ್ತಿತ್ತು. ದೇವರು ಹಲ್ಲು ಕಡಿಯುತ್ತಾನೆಂದು ಅವ್ವ ಕೆಂಪವ್ವ ಹೆದರಿಸುತ್ತಿದ್ದಳು. ಹಲ್ಲಲ್ಲ, ಉಣ್ಣೆ ಎಂದು ತಿಳಿಸಿದವರು ವಿಜ್ಞಾನದ ಪರಪ್ಪ ಮಾಸ್ತರರು. ಸಾಲಿ ಬಿಟ್ಟ ಮೇಲೆ ಸಿಪಾಯಿಯನ್ನು ಎದುರಿಗೆ ಕೂಡಿಸಿಕೊಂಡು ಪಾಠ ಹೇಳುತ್ತಿದ್ದರು. ಆ ಪಾಠವನ್ನು ಲಗಮಪ್ಪ ಈಗಲೂ ಒಪ್ಪಿಸುತ್ತಾನೆ:

"ಉಜ್ಜಿದ್ರ ಹೊಸಾದೇನೂ ಹುಟ್ಟಂಗಿಲ್ರಿ. ಇಲ್ಲಿಂದ ಅಲ್ಲಿಗೆ ಹೋಗತೈತಿ. ಇಲ್ಲಿ ಎಷ್ಟ ಕಡಿಮಿನೋ ಅಲ್ಲಿ ಅಷ್ಟ ಹೆಚ್ಚು. ಒಂದ ಜಾತೀವು ದೂರ ಸರೀತಾವ, ಬ್ಯಾರೆ ಜಾತೀವು ಬಂದು ಅಪ್ಪಿಕೊಳ್ತಾವ. ನಮ್ಮ ಊರಾಗ ಉಲ್ಟಾ ನೋಡ್ರಿ."

ಹತ್ತೂವರೆಗೆ ಈಗಿನ ವಿಜ್ಞಾನದ ಶಿಕ್ಷಕ ಕೇದಾರಿ ಮಾಸ್ತರರು ಬರುತ್ತಾರೆ. "ಏನ್ ಲಗಮಪ್ಪ, ಇವತ್ತರ ಬಂಗಾರದ ಹಾಳಿ ಏಳತಾವೇನು?"

"ನೀವು ಒದ್ದಿ ಛತ್ರಿ ಮೇಜಿನ ಮ್ಯಾಲ ಇಡದಿದ್ರ ಏಳತಾವ್ರಿ."

ಮಾಸ್ತರರು ನಗುತ್ತ ಛತ್ರಿಯನ್ನು ಹೊರಗಿಡುತ್ತಾರೆ. ಗಾಜಿನ ಜಾಡಿಯ ಬಾಯಿಗೆ ಹಿತ್ತಾಳೆಯ ಕೊರಳಪಟ್ಟಿ, ಅದರೊಳಗೆ ಅರಗಿನ ಬಿರಡೆ; ಬಿರಡೆಯಲ್ಲಿ ತೂರಿದ ಹಿತ್ತಾಳೆಯ ಕಡ್ಡಿಯ ತುದಿಗೆ ಎರಡು ಬಂಗಾರದ ಹಾಳೆ. ಉಜ್ಜಿದ ಕೋಲನ್ನು ಕಡ್ಡಿಗೆ ತಾಗಿಸುತ್ತಲೇ ಹಾಳೆಗಳು ದೂರ ಸರಿದು ಹಾಗೇ ನಿಲ್ಲುತ್ತವೆ. ಹುಡುಗರು ಹಾಳೆಗಳನ್ನು ನೋಡುತ್ತಾರೆ, ಲಗಮಪ್ಪ ಬಿರಡೆಯನ್ನು.

ಹದಿನೇಳು ವರ್ಷದ ಹಿಂದೆ ಇದೇ ಕೋಣೆಗೆ ತಪಾಸಣೆಯ ಸಾಹೇಬರು ಬಂದಿದ್ದರು. ಪರಪ್ಪ ಮಾಸ್ತರರ ಮಾನ ಉಳಿಯಲೆಂದು ಲಗಮಪ್ಪ ನಸುಕಿನಲ್ಲೇ ಎಲ್ಲ ಸಾಮಾನಿಗೂ ಪೂಜೆ ಮಾಡಿದ. ಅವನ ಮನೆತನದಲ್ಲಿ ಪೂಜೆಯೆಂದರೆ ಭಂಡಾರ. ಅರಿಷಿಣವನ್ನು ನೀರಲ್ಲಿ ಕಲಸಿ ಅರಗಿನ ಬಿರಡೆಗೂ ಬೆರಳಿನಿಂದ ಬಳಿದ. ಅರಗು ವಿದ್ಯುತ್ತನ್ನು ಬಿಡುವುದಿಲ್ಲ. ಹಸಿ ಭಂಡಾರ ಅದನ್ನು ಕೊರಳಪಟ್ಟಿಗೆ ಜಾರಿಸಿಬಿಡುತ್ತದೆ. ಮಾಸ್ತರರು ಮೂರು ಸಲ ಕೋಲು ಉಜ್ಜಿದರು. ಮೂರು ಸಲವೂ ಹಾಳೆಗಳು ಏಳುತ್ತಲೇ ಬಿದ್ದವು.

"ನಿಮಗೇ ಬಾರದ್ದನ್ನು ಹುಡುಗರಿಗೆ ಏನು ಕಲಿಸುತ್ತೀರಿ?" ಎಂದರು ಸಾಹೇಬರು.

ಬಾಗಿಲಲ್ಲಿ ನಿಂತಿದ್ದ ಲಗಮಪ್ಪನಿಗೆ ಬಿರಡೆಯ ಮೇಲಿನ ಹಳದಿ ಕಂಡಿತು. ಕಾರಣವೂ ತಿಳಿಯಿತು, ಮಾಸ್ತರರೇ ಕಲಿಸಿದ ಪಾಠ. ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ, ಮನೆಯಲ್ಲಿ ಮೂರು ಕೂಸು. ಸಂಜೆ ಯಾರಿಗೂ ಕಾಣದಂತೆ ಒರೆಸಿಬಿಟ್ಟ.

ತಿಂಗಳೊಳಗೆ ಪರಪ್ಪ ಮಾಸ್ತರರಿಗೆ ಹುಕ್ಕೇರಿಗೆ ಬದಲಿಯಾಯಿತು, ಸಣ್ಣ ಹುಡುಗರಿಗೆ ಮಗ್ಗಿ ಹೇಳಿಸಲು. ಹೋಗುವ ದಿನ ಅಂಗೈ ಚಾಚಿ ತೋರಿಸಿದರಂತೆ: "ಲಗಮಪ್ಪಾ, ನನ್ನ ಕೈಯಾಗ ಬೆವರು ಭಾಳ. ಇವನ್ನ ನಾ ಮುಟ್ಟಬಾರದಿತ್ತು."

ನಿಜ ಹೇಳಬೇಕೆಂದು ಲಗಮಪ್ಪ ಎರಡು ಸಲ ಹುಕ್ಕೇರಿಗೆ ಹೋದ. ಎರಡು ಸಲವೂ ಮಳೆ-ಬೆಳೆಯ ಮಾತಾಡಿ, ಚಹಾ ಕುಡಿದು ಬಂದ. ಮೂರನೆಯ ಸಲ, ಹೋದ ಚೈತ್ರದಲ್ಲಿ, ಮಾಸ್ತರರು ತೀರಿಕೊಂಡಾಗ ಮಣ್ಣಿಗೆ ಹೋದ. "ಕಡೀತನಾ ಒಂದ ಕೋಲು ಕೈಯಾಗ ಹಿಡೀಲಿಲ್ಲಪಾ. ನನ್ನ ಕೈಯಾಗ ವಿದ್ಯಾ ನಿಲ್ಲಂಗಿಲ್ಲ ಅಂತಿದ್ರು," ಎಂದು ಹೆಂಡತಿ ಶಿವಗಂಗವ್ವ ಅತ್ತರು. ಆಗಲೂ ಲಗಮಪ್ಪ ನಿಜ ಹೇಳದೆಯೇ ಗೋಕಾಕಕ್ಕೆ ಮರಳಿದ.

ಈಗ ಬರೆದುಕೊಳ್ಳುತ್ತಿರುವ ನನ್ನ ಮುಂದೆ ಎಲ್ಲವನ್ನೂ ಹೇಳಿದ್ದಾನೆ. ಕೇಳುತ್ತಿದ್ದ ಕೇದಾರಿ ಮಾಸ್ತರರು ಗಾಬರಿಯಾಗುತ್ತಾರೆ. "ಹುಚ್ಚಪ್ಪಾ, ಇದನ್ನ ಹೆಡ್‌ಮಾಸ್ತರ್ ಓದಿದ್ರ?"

"ಓದ್ಲಿ ಬಿಡ್ರಿ," ಎನ್ನುತ್ತಾನೆ ಲಗಮಪ್ಪ. "ಹುಕ್ಕೇರ್ಯಾಗ ಯಾರರೆ ಶಿವಗಂಗವ್ವಾರಿಗೆ ಓದಿ ಹೇಳ್ತಾರ. ಮಾಸ್ತರರ ಕೈಯಾಗ ಏನೂ ತಪ್ಪಿರಲಿಲ್ಲ, ಭಂಡಾರ ಹಚ್ಚಿದಾಂವ ಲಗಮಪ್ಪ ಅಂತ ಬರೀರಿ. ನನ್ನ ಹೆಸರು ದಪ್ಪ ಅಕ್ಷರದಾಗ ಹಾಕ್ರಿ."