ಪೂಜೆ ಮಾಡಿದ ಸೈಕಲ್ಲು

ಬ್ರಹ್ಮಪುರದ ಗುಮಾಸ್ತ ದೌಲಪ್ಪನಂಥ ಅಂಜುಬುರುಕ ಇಡೀ ಕಲಬುರ್ಗಿಯಲ್ಲಿ ಇನ್ನೊಬ್ಬ ಇರಲಿಲ್ಲ. ದಿನಾ ಕಚೇರಿಗೆ ಹೊರಡುವ ಮುಂಚೆ ಸೈಕಲ್ಲಿನ ಗಾಳಿ ಒತ್ತಿ ನೋಡುವನು, ಸರಪಳಿ ಎತ್ತಿ ನೋಡುವನು, ಬ್ರೇಕ್ ಹಿಡಿದು ಗಾಡಿಯನ್ನು ಮುಂದಕ್ಕೆ ನೂಕಿ ನೋಡುವನು. "ಹೆಣ್ಣು ನೋಡಿದಂಗ ನೋಡ್ತೀರಲ್ರೀ!" ಎಂದು ಸೈಕಲ್ ಅಂಗಡಿಯ ಚಾಂದಪಾಶಾ ನಗುತ್ತಿದ್ದ. ನಗಲಿ ಬಿಡಿ, ಬೀಳುವವನು ಅವನಲ್ಲವಲ್ಲ.

ದಸರೆಯ ಬೆಳಗ್ಗೆ ಮಾತ್ರ ಆ ತಪಾಸಣೆ ತಪ್ಪಿತು. ಹೆಂಡತಿ ಹೆರಿಗೆಗೆಂದು ಕಮಲಾಪುರದ ತವರಿಗೆ ಹೋಗಿದ್ದಳು. ಅವಳಿಗೆ ಬನ್ನಿ ಕೊಡಲೇಬೇಕೆಂದು ಪುಟ್ಟ ಮಗಳು ವಿಮಲಾ ಹಟ ಹಿಡಿದಳು. ಹಿಂದಿನ ದಿನ ಆಯುಧಪೂಜೆ ಮಾಡಿಸಿಕೊಂಡ ಸೈಕಲ್ಲು ಕುಂಕುಮ, ಹೂವು ಹೊತ್ತು ಪಡಸಾಲೆಯಲ್ಲಿ ನಿಂತಿತ್ತು. ದೌಲಪ್ಪ ಬ್ರೇಕಿಗೆ ಕೈ ಹಾಕಿದ್ದೇ ತಡ, ತಾಯಿ ಚಂದಮ್ಮ ಸಿಡುಕಿದಳು.

"ಪೂಜಿ ಮಾಡಿದ ಗಾಡಿ ಅದ. ಹಂಗ ಜಗ್ಗಾಡಬ್ಯಾಡ. ದೇವರ ಮ್ಯಾಲ ಭರೋಸಾ ಇಲ್ಲೇನು?"

ದೇವರ ಮೇಲೆ ಭರವಸೆಯಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಮಗಳನ್ನು ಮುಂದಿನ ದಂಡದ ಮೇಲೆ ಕೂಡಿಸಿಕೊಂಡು ಹೊರಟ. ಸಮನೆಲದಲ್ಲಿ ಮೆಲ್ಲಗೆ ತುಳಿದ, ಏರು ಬಂದಲ್ಲಿ ಇಳಿದು ನೂಕಿದ. ಬ್ರೇಕ್ ಹಿಡಿಯುವ ಪ್ರಸಂಗವೇ ಬರಲಿಲ್ಲ.

ಕಮಲಾಪುರ ಹತ್ತಿರವಾದಾಗ ಇಳಿಜಾರು ಬಂತು. ಕೆಳಗೆ ಎತ್ತಿನ ಬಂಡಿಯೊಂದು ದಾರಿಗೆ ಅಡ್ಡ ತಿರುಗುತ್ತಿತ್ತು. ದೌಲಪ್ಪ ಬ್ರೇಕ್ ಹಿಡಿದ. ರಬ್ಬರು ಜಾರಿತು. ಎರಡೂ ಕೈಯಿಂದ ಹಿಡಿದ. ಗಾಡಿ ಇನ್ನಷ್ಟು ಜೋರಾಯಿತು. ಅವನ ಬಾಯಿಂದ ದೇವರ ಹೆಸರೂ ಹೊರಡಲಿಲ್ಲ. ಎದೆಗೆ ಒರಗಿದ್ದ ಮಗಳ ತಲೆಯೊಂದೇ ಕಣ್ಣಿಗೆ ಕಾಣುತ್ತಿತ್ತು. ಬಂಡಿಯ ಗಾಲಿ ಹತ್ತಿರ ಬಂದಾಗ ಹ್ಯಾಂಡಲ್ಲನ್ನು ಪಕ್ಕದ ತೊಗರಿ ಹೊಲಕ್ಕೆ ತಿರುಗಿಸಿಬಿಟ್ಟ.

ಮಗಳಿಗೆ ಒಂದು ಗೀರೂ ಆಗಿರಲಿಲ್ಲ. ಅವಳ ಕೈಕಾಲು ಮತ್ತೆ ಮತ್ತೆ ಮುಟ್ಟಿ ನೋಡಿದ ಮೇಲೆ ಬಿದ್ದ ಸೈಕಲ್ಲನ್ನು ಎತ್ತಿದ. ಗಾಲಿಯ ಅಂಚು ಕೈಗೆ ಜಿಡ್ಡಾಗಿ ಹತ್ತಿತು. ಮೂಸಿದ: ಎಣ್ಣೆ.

"ಇದಕ್ಕ ಎಣ್ಣಿ ಯಾರು ಹಚ್ಚಿದ್ರು?"

"ನಾನೇ ಅಪ್ಪಾ. ಅಜ್ಜಿ ಪೂಜಿ ಮಾಡಾಕತ್ತಾಗ ಎರಡೂ ಗಾಲಿಗಿ ಹಚ್ಚೀನಿ. ನೀ ದಿನಾ ಅಂಜ್ತೀಯಲ್ಲ, ನಿನಗ ಏನೂ ಆಗಬಾರದಂತ."

ದೌಲಪ್ಪನಿಗೆ ಅಳು ಉಕ್ಕಿ ಬಂತು. "ಛಲೋ ಮಾಡಿದಿ, ಮಗಳೇ," ಎಂದ. ಒಂದು ಕೈಯಲ್ಲಿ ಸೈಕಲ್ಲು ನೂಕುತ್ತ, ಇನ್ನೊಂದರಲ್ಲಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಊರಿನ ಕಡೆ ನಡೆದ.

"ಅಪ್ಪಾ, ಕೈ ನೋಯಾಕತ್ಯದ," ಎಂದಳು ವಿಮಲಾ.

ಅವನು ಬಿಡಲಿಲ್ಲ.